ದಾದರ್‌ನ 5ನೇ ಪ್ಲಾಟ್‌ಫಾರ್ಮ್‌ನಲ್ಲಿ ಹುಬ್ಬಳ್ಳಿ ಗಾಡಿ ಸಿಗಲಿಲ್ಲ ಅಂದವರಿಗೆ

ಮುಂಬೈನ ದಾದರ್ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿ 5ಕ್ಕೆ ಬರುತ್ತೆ ಅಂತ ನಿಮ್ಮ ಮಾವ ಹೇಳಿದ್ದು ಬಹುಶಃ ಹಳೆಯ ನಂಬರ್. ಮೊದಲು ದಾದರ್‌ನ ವೆಸ್ಟರ್ನ್ ರೈಲ್ವೆ, ಸೆಂಟ್ರಲ್ ರೈಲ್ವೆ ಎರಡೂ ಕಡೆ ಪ್ಲಾಟ್‌ಫಾರ್ಮ್ 1ರಿಂದಲೇ ಶುರುವಾಗುತ್ತಿತ್ತು. ಗೊಂದಲ ತಪ್ಪಿಸಲು 2023ರ ಡಿಸೆಂಬರ್‌ನಲ್ಲಿ ಬದಲಾಯಿಸಿದರು. ಈಗ ವೆಸ್ಟರ್ನ್ 1ರಿಂದ 7, ಸೆಂಟ್ರಲ್ 8ರಿಂದ 14. ಸೆಂಟ್ರಲ್‌ನ ಹಳೆಯ 1 ಈಗ 8. ಅದನ್ನು ಅಗಲ ಮಾಡಲು ಹಳೆಯ 2ನ್ನು ತೆಗೆದರು, ಹಾಗಾಗಿ ಹಳೆಯ 5 ಈಗ 11.

ಅಂಧೇರಿಯಿಂದ ಲೋಕಲ್‌ನಲ್ಲಿ ಬಂದರೆ ಇಳಿಯುವುದು ವೆಸ್ಟರ್ನ್ ಕಡೆ. ಅಲ್ಲೇ ಹುಡುಕಬೇಡಿ. ಮೇಲ್ಸೇತುವೆ ಹತ್ತಿ ಪೂರ್ವಕ್ಕೆ ನಡೆಯಿರಿ. ಕೆಳಗಿಳಿಯುವ ಮುಂಚೆ ಇಂಡಿಕೇಟರ್‌ನಲ್ಲಿ ಗಾಡಿ ನಂಬರ್ ನೋಡಿ. ಪ್ಲಾಟ್‌ಫಾರ್ಮ್ ಕೊನೇ ಗಳಿಗೆಯಲ್ಲೂ ಬದಲಾಗಬಹುದು, 11 ಅಂತ ಸುಮ್ನೆ ನಂಬಿಕೊಂಡು ಇಳಿಯಬೇಡಿ. ಸಂಜೆ ಸೇತುವೆ ಮೇಲೆ ಜನ ಬಹಳ ಜಾಸ್ತಿ. ಲಗೇಜ್ ಇದ್ದರೆ ಅರ್ಧ ಗಂಟೆ ಮೊದಲೇ ಬನ್ನಿ.