ಸಾರ್ವಜನಿಕ ಸಾರಿಗೆಯ ಸಂಶೋಧನೆಗೆ ಹೊರದೇಶಕ್ಕೆ ಹೋಗುವುದು: ದಾವಣಗೆರೆಯ ವಿದ್ಯಾರ್ಥಿಯೊಬ್ಬರಿಗೆ ಉತ್ತರ

ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನೀವು, ದಕ್ಷ ಮತ್ತು ಸುಸ್ಥಿರ ಸಾರ್ವಜನಿಕ ಸಾರಿಗೆಯ ಬಗ್ಗೆ ಹೊರದೇಶದಲ್ಲಿ ಸಂಶೋಧನೆ ಮಾಡುವ ಕೆಲಸ ಹೇಗಿರುತ್ತದೆ, ಮೆಟ್ರೊ ಇಲ್ಲದ ಊರಿನವರನ್ನು ಅಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿದ್ದೀರಿ. ನಾನೂ ದಾವಣಗೆರೆಯವನೇ. ಅಲ್ಲಿಯೇ ಬಿ.ಇ. ಮುಗಿಸಿ, ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಈಗ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಬಸ್ಸು ಟ್ರಾಮುಗಳ ವೇಳಾಪಟ್ಟಿಯ ಮೇಲೆ ಕೆಲಸ ಮಾಡುತ್ತಿದ್ದೇನೆ. ಖಂಡಿತ ತೆಗೆದುಕೊಳ್ಳುತ್ತಾರೆ, ಮೆಟ್ರೊ ಇಲ್ಲದ ಊರಿನಲ್ಲಿ ಬೆಳೆದದ್ದೇ ನಿಮ್ಮ ಬಂಡವಾಳವಾಗಬಹುದು.

ಈ ಕೆಲಸದ ಬಹುಪಾಲು ಕಾಯುವಿಕೆಯ ಲೆಕ್ಕ. ನೀವು ಪಿ.ಬಿ. ರಸ್ತೆಯಲ್ಲಿ ಹರಿಹರದ ಬಸ್ಸಿಗೆ ನಿಂತಿದ್ದೀರಿ ಎಂದುಕೊಳ್ಳಿ. ಸರಿಯಾಗಿ 10 ನಿಮಿಷಕ್ಕೊಂದರಂತೆ ಬಸ್ಸು ಬಂದರೆ, ಯಾವಾಗಲೋ ಬಂದು ನಿಂತವರು ಸರಾಸರಿ 5 ನಿಮಿಷ ಕಾಯುತ್ತಾರೆ. ಅಷ್ಟೇ ಬಸ್ಸುಗಳು ಎರಡೆರಡು ಒಂದರ ಬೆನ್ನಿಗೊಂದು ಬಂದು, ಆಮೇಲೆ 20 ನಿಮಿಷ ಒಂದೂ ಬಾರದಿದ್ದರೆ ಸರಾಸರಿ 10 ನಿಮಿಷ ಕಾಯಬೇಕಾಗುತ್ತದೆ. ಸುಟ್ಟ ಡೀಸೆಲ್ ಅಷ್ಟೇ, ಚಾಲಕರ ಸಂಬಳವೂ ಅಷ್ಟೇ, ಜನರ ಕಾಯುವಿಕೆ ಮಾತ್ರ ಇಮ್ಮಡಿ. ಹೀಗೇಕಾಗುತ್ತದೆ ಎಂಬುದನ್ನು ನ್ಯೂವೆಲ್ ಮತ್ತು ಪಾಟ್ಸ್ ಎಂಬ ಇಬ್ಬರು 1964ರಲ್ಲಿಯೇ ಗಣಿತದಲ್ಲಿ ತೋರಿಸಿದ್ದರು: ತುಸು ತಡವಾದ ಬಸ್ಸಿಗೆ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಸೇರಿರುತ್ತಾರೆ, ಅವರೆಲ್ಲ ಹತ್ತುವಷ್ಟರಲ್ಲಿ ಅದು ಇನ್ನಷ್ಟು ತಡವಾಗುತ್ತದೆ, ಹಿಂದಿನ ಬಸ್ಸು ಖಾಲಿ ನಿಲ್ದಾಣಗಳನ್ನು ದಾಟಿ ಬಂದು ಅದನ್ನು ಮುಟ್ಟುತ್ತದೆ. ಇದನ್ನು ಬಿಡಿಸುವುದು ಹೇಗೆ ಎಂಬ ಪ್ರಶ್ನೆಯ ಮೇಲೆ ಇಂದಿಗೂ ಪ್ರಬಂಧಗಳು ಬರುತ್ತಿವೆ.

ಜ್ಯೂರಿಕ್‌ನಲ್ಲಿ ಇದಕ್ಕೊಂದು ಉತ್ತರವನ್ನು ನಾನು ದಿನವೂ ಕಣ್ಣಾರೆ ಕಾಣುತ್ತೇನೆ. ಅಲ್ಲಿನ ಮತದಾರರು 1973ರಲ್ಲಿ ನೆಲದಡಿಯ ರೈಲಿನ ಯೋಜನೆಯನ್ನು ತಿರಸ್ಕರಿಸಿದರು. 1977ರಲ್ಲಿ, ಇದ್ದ ಟ್ರಾಮು ಬಸ್ಸುಗಳಿಗೇ ರಸ್ತೆಯಲ್ಲಿ ಮೊದಲ ಹಕ್ಕು ಕೊಡಲು 20 ಕೋಟಿ ಫ್ರಾಂಕ್ ಖರ್ಚು ಮಾಡುವುದಕ್ಕೆ ಒಪ್ಪಿದರು. ಟ್ರಾಮು ಸಿಗ್ನಲ್ ತಲುಪುವ ಮುನ್ನವೇ ಅದು ಬರುತ್ತಿರುವುದು ಸಿಗ್ನಲ್ ವ್ಯವಸ್ಥೆಗೆ ತಿಳಿದಿರುತ್ತದೆ. ಕಾರುಗಳ ಸಾಲಿಗೆ ಕೆಂಪು ಬೀಳುತ್ತದೆ, ಟ್ರಾಮು ನಿಲ್ಲದೆ ದಾಟುತ್ತದೆ. ದಾವಣಗೆರೆಯ ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗಲೆಲ್ಲ ಬಿಸಿಲಲ್ಲಿ ನಿಂತು ಬೆಳೆದ ನಾನು, ಬಂದ ಮೊದಲ ವಾರ ಒಂದು ಕೂಡುರಸ್ತೆಯ ಮೂಲೆಯಲ್ಲಿ ಅರ್ಧ ಗಂಟೆ ಇದನ್ನೇ ನೋಡುತ್ತ ನಿಂತಿದ್ದೆ.

ಆದರೆ ಅಲ್ಲಿಗೆ ತಲುಪುವ ಮೊದಲು ನನ್ನ ಅರ್ಜಿಗಳು ಒಂದರ ಮೇಲೊಂದು ತಿರಸ್ಕೃತವಾಗಿದ್ದವು. ಅವುಗಳಲ್ಲಿ ನಾನು ಸುಸ್ಥಿರ ಸಾರಿಗೆ ಮತ್ತು ಹವಾಮಾನ ಬದಲಾವಣೆಯ ಬಗ್ಗೆ ಯಾರು ಬೇಕಾದರೂ ಬರೆಯಬಹುದಾದ ಮಾತುಗಳನ್ನೇ ಬರೆದಿದ್ದೆ. ರಜೆಯಲ್ಲಿ ಊರಿಗೆ ಬಂದಾಗ ಖಾಸಗಿ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಒಬ್ಬರ ಪಕ್ಕ ನಾಲ್ಕು ದಿನ ಕೂತೆ. ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಅವರು ಪ್ರತಿ ಬಸ್ಸು ಬಂದ ಮತ್ತು ಬಿಟ್ಟ ಹೊತ್ತನ್ನು ನೀಲಿ ಪೆನ್ನಿನಲ್ಲಿ ಬರೆಯುತ್ತಿದ್ದರು. ಒಂದು ಬಸ್ಸು ಎರಡು ನಿಮಿಷ ಹೆಚ್ಚು ನಿಂತರೂ ಸಾಕು, ಹಿಂದಿನ ಬಸ್ಸಿನ ಕಂಡಕ್ಟರ್ ಇಳಿದು ಬಂದು, ‘ನಮ್ಮ ಟೈಮ್ ತಿಂತಿದಾನೆ ನೋಡಿ ಸರ್’ ಎಂದು ಜಗಳ ತೆಗೆಯುತ್ತಿದ್ದರು. ಸ್ವಿಟ್ಜರ್ಲೆಂಡಿನ ಇಡೀ ದೇಶದ ವೇಳಾಪಟ್ಟಿ ಜಿಟಿಎಫ್‌ಎಸ್ ಎಂಬ, ಕಂಪ್ಯೂಟರ್ ಓದಬಲ್ಲ ರೂಪದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ನಾನು ಕೂತಿದ್ದ ನಿಲ್ದಾಣದ ಬಸ್ಸುಗಳದ್ದು ಆ ರಟ್ಟಿನ ಪುಸ್ತಕದಲ್ಲಿ ಮಾತ್ರ ಇತ್ತು. ಅದನ್ನು ನಕಲು ಮಾಡಿ, ನಾಲ್ಕು ಪುಟಗಳ ಬರಹವಾಗಿಸಿ ಕಳಿಸಿದ ಮೇಲೆಯೇ ನನ್ನನ್ನು ಸಂದರ್ಶನಕ್ಕೆ ಕರೆದದ್ದು. ಸಂದರ್ಶನದ ಮುಕ್ಕಾಲು ಭಾಗ ಮಾತು ಆ ಕಂಡಕ್ಟರುಗಳ ಜಗಳದ ಬಗ್ಗೆಯೇ ನಡೆಯಿತು.

ವ್ಯವಹಾರದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಯುರೋಪಿನಲ್ಲಿ ಪಿಎಚ್‌.ಡಿ.ಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು. ಜರ್ಮನಿ, ನೆದರ್ಲ್ಯಾಂಡ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಪಿಎಚ್‌.ಡಿ. ಬಹುತೇಕ ಸಂಬಳದ ನೌಕರಿ, ಆದ್ದರಿಂದ ಸಾಲ ಮಾಡುವ ಪ್ರಶ್ನೆ ಬರುವುದು ಅದಕ್ಕೆ ಮುಂಚಿನ ಎರಡು ವರ್ಷಗಳಿಗೆ ಮಾತ್ರ. ಭಾರತದಲ್ಲಿ ಓದಿ ಜರ್ಮನಿಗೆ ವ್ಯಾಸಂಗಕ್ಕೆ ಹೋಗುವವರಿಗೆ 2022ರ ನವೆಂಬರ್‌ನಿಂದ ಇಲ್ಲಿನ ಪದವಿ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದೆ, ಅದನ್ನು ಬೇಗ ಮಾಡಿಸಿಕೊಳ್ಳಿ. ಪೈಥಾನ್ ಕಲಿಯಿರಿ. ಸುಮೊ, ಮ್ಯಾಟ್‌ಸಿಮ್ ಎಂಬ ಎರಡು ಸಿಮ್ಯುಲೇಷನ್ ತಂತ್ರಾಂಶಗಳು ಉಚಿತ; ಹಾಸ್ಟೆಲ್ ರೂಮಿನಲ್ಲಿ ಕೂತು ಇವತ್ತೇ ಶುರು ಮಾಡಬಹುದು.

ಸುಸ್ಥಿರತೆ ಎಂದರೆ ಬ್ಯಾಟರಿ ಬಸ್ಸು ಎಂದಷ್ಟೇ ತಿಳಿಯಬೇಡಿ. ಚೀನಾದ ಶೆನ್‌ಜೆನ್ ನಗರವು 2017ರ ಕೊನೆಗೆ ತನ್ನ 16,000ಕ್ಕೂ ಹೆಚ್ಚು ಬಸ್ಸುಗಳನ್ನೆಲ್ಲ ವಿದ್ಯುತ್ತಿಗೆ ಬದಲಿಸಿದ್ದು ದೊಡ್ಡ ಸಾಧನೆಯೇ. ಆದರೂ ಬಸ್ಸು ಬಿಟ್ಟು ಬೈಕು ಕೊಂಡವನನ್ನು ಮರಳಿ ಕರೆತರುವುದು ಇನ್ನೂ ಕಷ್ಟದ ಕೆಲಸ. ಜನ ಹೆಚ್ಚಿದಷ್ಟೂ ಟ್ರಿಪ್ಪು ಹೆಚ್ಚುತ್ತದೆ, ಟ್ರಿಪ್ಪು ಹೆಚ್ಚಿದಷ್ಟೂ ಎಲ್ಲರ ಕಾಯುವಿಕೆ ಇಳಿಯುತ್ತದೆ ಎಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೊಹ್ರಿಂಗ್ 1972ರಲ್ಲಿ ತೋರಿಸಿದರು. ಜನ ಕಡಿಮೆಯಾದರೆ ಅದೇ ಚಕ್ರ ಹಿಮ್ಮುಖವಾಗಿ ತಿರುಗುತ್ತದೆ. ರಾತ್ರಿಯ ಕೊನೆಯ ಬಸ್ಸು ನಿಂತುಹೋದ ಹಳ್ಳಿಯವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ನಿಮಗೆ ಪ್ರಶ್ನೆ ಬೇಕಿದ್ದರೆ ಅದು ನಿಮ್ಮ ನಿಲ್ದಾಣದಲ್ಲಿಯೇ ಇದೆ. ನಾನು ಮೇಲೆ ಹೇಳಿದ ಲೆಕ್ಕವು, ಜನ ಮೊದಲು ಬಂದ ಬಸ್ಸನ್ನೇ ಹತ್ತುತ್ತಾರೆ ಎಂದು ಹಿಡಿದುಕೊಂಡಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ, ಖಾಸಗಿ ಮತ್ತು ಸರ್ಕಾರಿ ಬಸ್ಸು ಎರಡೂ ಓಡುವ ದಾರಿಗಳಲ್ಲಿ ಒಬ್ಬ ಹೆಣ್ಣುಮಗಳು ಎದುರಿಗೆ ನಿಂತ ಖಾಸಗಿ ಬಸ್ಸನ್ನು ಬಿಟ್ಟು, ಸರ್ಕಾರಿ ಬಸ್ಸು ಬರುವವರೆಗೆ ಕಾಯಬಹುದು. ಎಷ್ಟು ಹೊತ್ತಿನವರೆಗೆ ಕಾಯುತ್ತಾಳೆ, ಮಳೆ ಬಂದರೆ, ಕಾಲೇಜಿಗೆ ತಡವಾದರೆ, ಕಂಕುಳಲ್ಲಿ ಮಗುವಿದ್ದರೆ ಏನು ಮಾಡುತ್ತಾಳೆ ಎಂಬುದಕ್ಕೆ ಜ್ಯೂರಿಕ್‌ನ ವೇಳಾಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ. ಒಂದು ವಾರ ಬೆಳಿಗ್ಗೆ 8ರಿಂದ 10ರವರೆಗೆ ನೋಟ್‌ಬುಕ್ ಹಿಡಿದು ನಿಲ್ಲಿ. ಹತ್ತಿದವರ ಜೊತೆಗೆ, ಬಸ್ಸು ಬಂದರೂ ಹತ್ತದೆ ಉಳಿದವರನ್ನೂ ಎಣಿಸಿ, ಏಕೆಂದರೆ ಟಿಕೆಟ್ ಯಂತ್ರದಲ್ಲಿ ಅವರ ಲೆಕ್ಕ ಇರುವುದಿಲ್ಲ.