ವೈದ್ಯರೊಡನೆ ಪ್ರಶ್ನೋತ್ತರ: ಬೆನ್ನುಹುರಿಯ ಪೆಟ್ಟು ಮತ್ತು ಮೂತ್ರಕೋಶ

ಪ್ರಶ್ನೆ: ನಮ್ಮ ಯಜಮಾನರಿಗೆ 38 ವರ್ಷ. ಎಂಟು ತಿಂಗಳ ಹಿಂದೆ ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ವರದಿಯಲ್ಲಿ ಡಿ-10 ಎಂದಿದೆ. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಕೈಗಳು ಚೆನ್ನಾಗಿವೆ. ಅಂದು ಹಾಕಿದ ಮೂತ್ರದ ಪೈಪನ್ನು ಬದಲಾಯಿಸುತ್ತ ಬಂದಿದ್ದೇವೆ. ಈಗ ಪೈಪಿನ ಪಕ್ಕದಿಂದ ಸೋರುತ್ತಿದೆ. ಎರಡು ಸಲ ಚಳಿಜ್ವರವೂ ಬಂತು. ಬಟ್ಟೆ ಒದ್ದೆಯಾಗುತ್ತದೆಂದು ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ. ಪೈಪು ತೆಗೆಸಿ, ಕಿಬ್ಬೊಟ್ಟೆ ಒತ್ತಿ ಮೂತ್ರ ಮಾಡಿಸಿ ಎಂದು ಪರಿಚಯದವರು ಹೇಳುತ್ತಾರೆ. ಹಾಗೆ ಮಾಡಬಹುದೇ?
– ಓರ್ವ ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ದಯವಿಟ್ಟು ಕಿಬ್ಬೊಟ್ಟೆ ಒತ್ತಬೇಡಿ. ಮೂತ್ರಕೋಶ ಹಿಂಡುವಾಗ ಅದರ ಬಾಯಿಯ ಸ್ನಾಯು ಸಡಿಲವಾಗಬೇಕು. ಈ ಎರಡನ್ನೂ ಹೊಂದಿಸುವ ಆಜ್ಞೆ ಮಿದುಳಿನಿಂದ ಬೆನ್ನುಹುರಿಯ ಮೂಲಕ ಇಳಿದು ಬರುತ್ತದೆ. ಡಿ-10ರಲ್ಲಿ, ಅಂದರೆ ಬೆನ್ನುಹುರಿಯ ಎದೆ ಭಾಗದ ಹತ್ತನೇ ಮಟ್ಟದಲ್ಲಿ, ಆ ದಾರಿ ಕಡಿದುಹೋದಾಗ, ಪೆಟ್ಟಿನ ನಂತರದ ಮೊದಲ ಕೆಲವು ವಾರ ಮೂತ್ರಕೋಶ ಸುಮ್ಮನಿದ್ದು, ಆಮೇಲೆ ಸಾಮಾನ್ಯವಾಗಿ ತನ್ನಿಚ್ಛೆಯಂತೆ ಹಿಂಡತೊಡಗುತ್ತದೆ, ಬಾಯಿ ಮಾತ್ರ ಅದೇ ಹೊತ್ತಿಗೆ ಬಿಗಿದುಕೊಳ್ಳುತ್ತದೆ. ಮುಚ್ಚಿದ ಬಾಯಿಯ ಮೇಲೆ ನೀವು ಹೊರಗಿನಿಂದಲೂ ಒತ್ತಿದರೆ ಮೂತ್ರ ಮೇಲಕ್ಕೆ, ಕಿಡ್ನಿಯ ಕಡೆಗೆ ನುಗ್ಗಬಹುದು. ಸೋರಿಕೆ ಮುಜುಗರ ತರುತ್ತದೆ, ನಿಜ. ಆದರೆ ಕಿಡ್ನಿಯನ್ನು ಕೆಡಿಸುವುದು ಅವರ ಅರಿವಿಗೇ ಬಾರದ ಈ ಒಳ ಒತ್ತಡ.

ಪಕ್ಕದಿಂದ ಸೋರುವುದಕ್ಕೆ ಮೊದಲು ಪೈಪು ಮಡಚಿಕೊಂಡಿದೆಯೇ, ಕಟ್ಟಿಕೊಂಡಿದೆಯೇ, ಮಲಬದ್ಧತೆ ಇದೆಯೇ ಎಂದು ನೋಡಿ. ಇವು ಇಲ್ಲದಿದ್ದರೆ ಮೂತ್ರಕೋಶದ ಸೆಳೆತ, ಸೋಂಕು ಅಥವಾ ಕಲ್ಲು ಕಾರಣವಿರಬಹುದು. ಇನ್ನೂ ದಪ್ಪನೆಯ ಪೈಪು ಹಾಕಿಸುವುದು ಇದಕ್ಕೆ ಪರಿಹಾರವಲ್ಲ. ಅದರಿಂದ ಮೂತ್ರನಾಳಕ್ಕೇ ಪೆಟ್ಟು. ನೀರು ಕಡಿಮೆ ಮಾಡಿದರೆ ಮೂತ್ರ ಗಟ್ಟಿಯಾಗಿ, ಗಸಿ ಕೂತು, ಪೈಪು ಕಟ್ಟುವುದು ಇನ್ನೂ ಹೆಚ್ಚುತ್ತದೆ.

ಕೈಗಳು ಚೆನ್ನಾಗಿವೆ ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಮಾತು ಅದು. ಏಕೆಂದರೆ ಅವರು ಸದಾ ಇರುವ ಪೈಪನ್ನು ಬಿಟ್ಟು, ದಿನಕ್ಕೆ 4ರಿಂದ 6 ಬಾರಿ ತಾವೇ ತೆಳುವಾದ ಕ್ಯಾತಿಟರ್ (ಮೂತ್ರ ತೆಗೆಯುವ ಕೊಳವೆ) ಹಾಕಿ, ಮೂತ್ರಕೋಶವನ್ನು ಪೂರ್ತಿ ಬರಿದು ಮಾಡಿ, ತೆಗೆದುಬಿಡುವ ವಿಧಾನವನ್ನು ಕಲಿಯಬಹುದು. ಇದಕ್ಕೆ ಆಪರೇಷನ್ ಥಿಯೇಟರಿನ ಮಡಿ ಬೇಕಿಲ್ಲ. ಸೋಪಿನಿಂದ ತೊಳೆದ ಕೈ, ಸ್ವಚ್ಛವಾದ ಕ್ಯಾತಿಟರ್ ಸಾಕೆಂದು ಅಮೆರಿಕದ ಮಿಷಿಗನ್ನಿನ ವೈದ್ಯ ಜ್ಯಾಕ್ ಲ್ಯಾಪಿಡೀಸ್ 1972ರಲ್ಲೇ ತೋರಿಸಿದರು. ಮೂತ್ರಕೋಶ ಅತಿಯಾಗಿ ಹಿಗ್ಗಿ, ಮೂತ್ರ ನಿಂತುಕೊಳ್ಳುವುದೇ ಸೋಂಕಿನ ಮೂಲ ಎಂಬುದು ಅವರ ವಾದ. ವಯಸ್ಕರಿಗೆ ಸಾಮಾನ್ಯವಾಗಿ 12 ಅಥವಾ 14ನೇ ನಂಬರಿನ ಕ್ಯಾತಿಟರ್ ಹೊಂದುತ್ತದೆ. ಜೆಲ್ಲಿ ಸವರಿ ನಿಧಾನವಾಗಿ ಹಾಕಬೇಕು, ತಡೆ ಸಿಕ್ಕಲ್ಲಿ ಬಲವಂತ ಕೂಡದು. ಮೊದಲು ನುರಿತ ನರ್ಸ್ ಅಥವಾ ವೈದ್ಯರ ಎದುರೇ ಕಲಿಯಲಿ. ಪ್ರತಿ ಸಲ ಬಂದದ್ದನ್ನು ಅಳತೆಯ ಜಗ್ಗಿನಲ್ಲಿ ಅಳೆದು ಒಂದು ವಾರ ಬರೆದಿಡಿ: 500 ಮಿಲಿಲೀಟರ್ ದಾಟುತ್ತಿದ್ದರೆ ಅಂತರ ಕಡಿಮೆಯಾಗಬೇಕು. ದಿನಕ್ಕೆ ಒಂದೂವರೆ–ಎರಡು ಲೀಟರ್ ದ್ರವವನ್ನು ಹಂಚಿ ಕುಡಿಯಲಿ, ರಾತ್ರಿ ಮಲಗುವ ಎರಡು ಗಂಟೆ ಮೊದಲು ನಿಲ್ಲಿಸಲಿ. ಹಗಲೆಲ್ಲ ಗಾಲಿಕುರ್ಚಿಯಲ್ಲಿ ಕೂತಾಗ ಕಾಲಿಗಿಳಿದ ನೀರು ಮಲಗಿದ ಮೇಲೆ ಮೂತ್ರವಾಗುವುದರಿಂದ, ಮಧ್ಯಾಹ್ನ ಸ್ವಲ್ಪ ಹೊತ್ತು ಕಾಲು ಎತ್ತರಿಸಿಟ್ಟರೆ ರಾತ್ರಿಯ ಒದ್ದೆ ಕಡಿಮೆಯಾಗುತ್ತದೆ.

ಆದರೂ ನಡುವೆ ಸೋರಿದರೆ ಮೂತ್ರಕೋಶದ ಸೆಳೆತ ತಗ್ಗಿಸುವ ಸೊಲಿಫೆನಾಸಿನ್‌ನಂಥ ಮಾತ್ರೆಗಳಿವೆ. ಅವು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ. ಅವುಗಳಿಂದಾಗದಿದ್ದರೆ ಮೂತ್ರಕೋಶದ ಗೋಡೆಗೆ ಬೊಟ್ಯುಲಿನಮ್ ಚುಚ್ಚುಮದ್ದನ್ನು ಕೊಡುತ್ತಾರೆ. ಯಾವುದು ಬೇಕೆಂಬುದನ್ನು ಯುರೋಡೈನಾಮಿಕ್ ಪರೀಕ್ಷೆ (ಮೂತ್ರಕೋಶದ ಒಳ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ ಮೂತ್ರರೋಗ ತಜ್ಞರು ನಿರ್ಧರಿಸಲಿ. ವರ್ಷಕ್ಕೊಮ್ಮೆ ಕಿಡ್ನಿಯ ಸ್ಕ್ಯಾನ್ ಕಡ್ಡಾಯವೆಂದು ತಿಳಿಯಿರಿ. ಸ್ನಾಯು ಕರಗಿದವರಲ್ಲಿ, ಕಿಡ್ನಿಯ ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಸಹಜವಾಗಿಯೇ ಕಡಿಮೆ ಇರುವುದರಿಂದ ರಕ್ತದ ವರದಿಯೊಂದನ್ನೇ ನಂಬಲಾಗದು. ಚಳಿಜ್ವರ ಮತ್ತೆ ಬಂದರೆ ಅಂದೇ ವೈದ್ಯರನ್ನು ಕಾಣಿ. ಹೊಸ ಪೈಪು ಹಾಕಿ, ಅದರಿಂದ ಮೂತ್ರ ತೆಗೆದು ಕಲ್ಚರ್‌ಗೆ (ಯಾವ ಬ್ಯಾಕ್ಟೀರಿಯ ಎಂದು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿದ ನಂತರವೇ ಆಂಟಿಬಯಾಟಿಕ್ ಶುರುವಾಗಲಿ. ಜ್ವರ, ಹೆಚ್ಚಿದ ಕಾಲಿನ ಸೆಟೆತ ಮುಂತಾದ ಲಕ್ಷಣಗಳಿಲ್ಲದೆ ವರದಿಯಲ್ಲಿ ಬ್ಯಾಕ್ಟೀರಿಯ ಕಂಡದ್ದಕ್ಕೆಲ್ಲ ಔಷಧಿ ನುಂಗುವುದು ಬೇಡ.

ಪ್ರಶ್ನೆ: ನನ್ನ ತಮ್ಮನಿಗೆ ಕುತ್ತಿಗೆಯಲ್ಲಿ ಸಿ-6 ಪೆಟ್ಟು. ಕೆಲವೊಮ್ಮೆ ತಲೆ ಸಿಡಿಯುವಂತೆ ನೋವು, ಮುಖ ಕೆಂಪಾಗಿ ಬೆವರು. ಬಿಪಿಯೂ ಏರುತ್ತದೆ. ಇದಕ್ಕೂ ಮೂತ್ರಕ್ಕೂ ಸಂಬಂಧವಿದೆಯೇ?
– ಓರ್ವ ಓದುಗ, ಹುಬ್ಬಳ್ಳಿ

ಉತ್ತರ: ಖಂಡಿತ ಇದೆ, ಮತ್ತು ಇದು ತುರ್ತು ಸ್ಥಿತಿ. ಡಿ-6 ಅಥವಾ ಅದಕ್ಕಿಂತ ಮೇಲೆ (ಕುತ್ತಿಗೆಯ ಸಿ-6 ಅದಕ್ಕೂ ಮೇಲಿನದು) ಪೆಟ್ಟಾದವರಲ್ಲಿ ತುಂಬಿದ ಮೂತ್ರಕೋಶವೇ ರಕ್ತದೊತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ತಕ್ಷಣ ಅವರನ್ನು ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಬಿಗಿ ಬಟ್ಟೆ ಸಡಿಲಿಸಿ. ಪೈಪು ಇದ್ದರೆ ಅದು ಮಡಚಿದೆಯೇ ನೋಡಿ, ಇಲ್ಲದಿದ್ದರೆ ಕ್ಯಾತಿಟರ್ ಹಾಕಿ ಬರಿದು ಮಾಡಿ. ಕೆಲವೇ ನಿಮಿಷಗಳಲ್ಲಿ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಇಂಥ ರೋಗಿಗಳ ಬಿಪಿ ಸಾಮಾನ್ಯವಾಗಿ ಕಡಿಮೆಯೇ ಇರುವುದರಿಂದ, ಇತರರಿಗೆ ಸಹಜವೆನಿಸುವ 130–140 ಕೂಡ ಇವರಿಗೆ ಏರಿಕೆಯೇ ಆಗಿರಬಹುದು. ಆದ್ದರಿಂದ ಅವರ ಎಂದಿನ ಬಿಪಿಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ, ತುರ್ತು ವಿಭಾಗದ ವೈದ್ಯರಿಗೆ ಅದನ್ನು ತೋರಿಸಿ.