1968ರ ಜಪಾನಿ ಅನಿಮೇಷನ್ ನಾಯಕ ಹೋರಸ್ ಈಜಿಪ್ಟಿನ ಆಕಾಶದೇವರೇನಾ?

ಅಲ್ಲ, ಹೆಸರು ಮಾತ್ರ ಒಂದೇ. ಇಸಾವೊ ತಕಾಹತಾ ನಿರ್ದೇಶಿಸಿದ ಮೊದಲ ಸಿನಿಮಾದ ಈ 'ಸೂರ್ಯನ ರಾಜಕುಮಾರ'ನ ಬೇರು ಇರುವುದು ಉತ್ತರ ಜಪಾನಿನ ಐನು ಜನರ ಕಥೆಯಲ್ಲಿ. ಅದು ಮೊದಲು ಬೊಂಬೆಯಾಟವಾಯಿತು. ಸಿನಿಮಾ ಮಾಡುವಾಗ ಕಥೆ ನಡೆಯುವ ಜಾಗವನ್ನು ಉತ್ತರ ಯುರೋಪಿಗೆ ಬದಲಿಸಿದರು.

ಗೊಂದಲಕ್ಕೆ ಕಾರಣ ಜಪಾನಿ ಲಿಪಿ. ಅದರಲ್ಲಿ ರ, ಲ ಬೇರೆ ಬೇರೆ ಅಲ್ಲ. ಕೊನೆಗೆ ಬರೀ 'ಸ್' ಬರೆಯಲೂ ಆಗುವುದಿಲ್ಲ, 'ಸು' ಅಂತಲೇ ಬರೆಯಬೇಕು. ಹಾಗಾಗಿ 'ಹೊರುಸು' ಅಂತಿದ್ದರೆ ಹೋಲ್ಸ್ ಅಂತಲೂ ಓದಬಹುದು, ಹೋರಸ್ ಅಂತಲೂ ಓದಬಹುದು. ಈಜಿಪ್ಟಿನ ದೇವರನ್ನೂ ಹೀಗೇ ಬರೆಯುತ್ತಾರೆ. ಜೊತೆಗೆ 'ಸೂರ್ಯ' ಬೇರೆ ಸೇರಿಕೊಂಡರೆ ಅನುಮಾನ ಬರದೇ ಇರುತ್ತದಾ?

ಆ ದೇವರಿಗೆ ಗಿಡುಗದ ತಲೆ, ಸೂರ್ಯ ಚಂದ್ರರೇ ಕಣ್ಣುಗಳು. ಈ ಹುಡುಗ ಕಲ್ಲಿನ ದೈತ್ಯನ ಭುಜಕ್ಕೆ ಚುಚ್ಚಿಕೊಂಡಿದ್ದ ಕತ್ತಿಯನ್ನು ಕಿತ್ತವನು, ಅಷ್ಟೇ.